ತಡೆದ ಪುಟ

ಒಂಬತ್ತನೇ ಕ್ಲಾಸಿನ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ದಿನವೇ ಗುರುಬಸವ ಅದರ ಬ್ರೌಸರಿಗೆ ಫಿಲ್ಟರ್ ಹಾಕಿದ್ದ. ಮಕ್ಕಳು ನೋಡಬಾರದ್ದನ್ನು ಅದು ತಡೆದು, ಅಪ್ಪನ ಮೊಬೈಲಿಗೆ ತಿಳಿಸುತ್ತಿತ್ತು. ಘಾಟ್ಕೋಪರಿನ ಆಫೀಸಿನಲ್ಲಿ ಕೂತೇ ಮುಲುಂಡಿನ ಮನೆ ಕಾಯುತ್ತಿದ್ದೇನೆಂಬ ನೆಮ್ಮದಿ ಅವನದು.

ಒಂದು ಸಂಜೆ ಲೋಕಲ್ ರೈಲಿನಲ್ಲಿ ನೂಕಾಡುತ್ತ ನಿಂತಿದ್ದಾಗ ಸಂದೇಶ ಬಂತು. ವೈಶಾಲಿ ‘ಬ್ರೆಸ್ಟ್’ ಎಂಬ ಪದ ಹುಡುಕಿದ್ದಾಳೆ, ಪುಟ ತಡೆಯಲಾಗಿದೆ. ಪಕ್ಕದವರು ಕಂಡಾರೆಂದು ಮೊಬೈಲನ್ನು ಜೇಬಿಗೆ ತುರುಕಿದ.

ಮನೆಗೆ ಬಂದವನು ಬೂಟೂ ಬಿಚ್ಚಲಿಲ್ಲ. "ಏನ್ ಹೊಲಸು ನೋಡಾಕತ್ತೀದಿ? ಇದಕ್ಕಂತ ಕೊಡಿಸೀನೇನು ಇದನ್ನ?"

ಬಾಗಿಲು ತೆರೆದೇ ಇತ್ತು. ಎದುರು ಫ್ಲ್ಯಾಟಿನವರು ಇಣುಕಿದರು. ವೈಶಾಲಿ ಅಡಿಗೆಮನೆಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಅವಳ ತಾಯಿ ರಾಚವ್ವನ ಕೈ ನಿಂತಿತ್ತು.

ಮರುದಿನ ಮಗಳು ಶಾಲೆಗೆ ಹೋದ ಮೇಲೆ ರಾಚವ್ವ ಬಾಯಿ ಬಿಟ್ಟಳು. "ಆಕೀದೇನೂ ತಪ್ಪಿಲ್ರೀ. ನನ್ನ ಎದಿಯೊಳಗ ಗಂಟಾಗೇತಿ. ಅದೇನಂತ ನೋಡವಾ ಅಂತ ನಾನ ಹೇಳಿದ್ದೆ. ಅಪ್ಪಗ ಹೇಳಬ್ಯಾಡಂತ ಆಣಿನೂ ಹಾಕಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ನಾಚಿಕಿ ಆತು. ನಿನ್ನಿ ನೀವೂ ಅದನ್ನ ಹೊಲಸು ಅಂದ್ರಿ."

ಗುರುಬಸವ ಆಫೀಸಿಗೆ ರಜೆ ಹೇಳಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ಕೌಂಟರಿನ ಹುಡುಗಿ "ಕ್ಯಾ ತಕ್ಲೀಫ್ ಹೈ?" ಎಂದು ತೊಂದರೆ ವಿಚಾರಿಸಿದಾಗ ಅವನ ನಾಲಿಗೆ ಹೊರಳಲಿಲ್ಲ, ರಾಚವ್ವನೇ ತಗ್ಗಿದ ದನಿಯಲ್ಲಿ ಹೇಳಿದಳು. ಪರೀಕ್ಷೆಗಳೆಲ್ಲ ಮುಗಿದು, ಇದು ಕ್ಯಾನ್ಸರ್ ಗಂಟಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಒಂದು ವಾರ ದಾಟಿತ್ತು. ಅಷ್ಟು ದಿನವೂ ವೈಶಾಲಿ ಅಪ್ಪ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದಳು.

ರಿಪೋರ್ಟ್ ಬಂದ ಸಂಜೆ ಅವನು ಅವಳ ಪಕ್ಕ ಹೋಗಿ ಕೂತ. "ತಪ್ಪಾತವಾ. ಏನು, ಎತ್ತ ಅಂತ ಕೇಳದ ಬೈದೆ. ಆ ಫಿಲ್ಟರ್ ತಗದಬಿಡ್ತೀನಿ."

"ರೆಹನೇ ದೋ ಪಪ್ಪಾ, ಇರಲಿ. ಅದು ಆ ಒಂದ ಬ್ರೌಸರ್‌ನ್ಯಾಗ ನಡೀತೈತಿ. ದುಸರಾ ಬ್ರೌಸರ್ ಡೌನ್‌ಲೋಡ್ ಮಾಡಿದ್ರ ಸಬ್ ಕುಛ್ ತೆರೀತೈತಿ. ಕ್ಲಾಸ್‌ನ್ಯಾಗ ಎಲ್ಲಾರಿಗೂ ಗೊತ್ತೈತಿ."

"ನಿನಗೂ ಗೊತ್ತಿತ್ತಾ?"

"ಮೊದಲಿಂದ."

"ಮತ್ತ ಆವತ್ತ ಇದರಾಗ ಯಾಕ ಹುಡುಕಿದಿ?"

"ಮಮ್ಮಿ ಸಲುವಾಗಿ ನೋಡ್ತಿದ್ದೆ ನಾ. ಛುಪಾನೇ ಕಾ ಕ್ಯಾ ಥಾ? ಅದರಾಗ ಮುಚ್ಚಿಡೂವಂಥಾ ಹೊಲಸೇನಿತ್ತು?"

ಹಾಗೆಂದು ಅವಳು ಪುಸ್ತಕ ತೆರೆದಳು. ತಲೆ ಸವರಲೆಂದು ಎತ್ತಿದ ಕೈಯನ್ನು ಗುರುಬಸವ ಮೆಲ್ಲಗೆ ಇಳಿಸಿ, ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡ.