ಹದಿನಾರು ಸಾವಿರ ಬಿಟ್ಟವಳು

ತಿಂಗಳ ಮೊದಲ ಭಾನುವಾರ ಬಂತೆಂದರೆ ಉಪ್ಪಾರಹಳ್ಳಿಯ ಆ ಪುಟ್ಟ ಬಾಡಿಗೆ ಮನೆಯಲ್ಲಿ ಕಥೆಗೆ ಬರವಿರಲಿಲ್ಲ. ಶಶಿಕಲಾ ಹಿಂದಿನ ಬೀದಿಯ ಗಂಗಲಕ್ಷ್ಮಮ್ಮನ ಮನೆಗೆ ಹೋಗಿ ಚೀಟಿ ಕಟ್ಟಿ ಬರುತ್ತಿದ್ದಳು. ಬಂದವಳೇ ಕಾಲು ಚಾಚಿ ಕೂತು, ಯಾರು ಎಷ್ಟಕ್ಕೆ ಕೂಗಿದರು, ಯಾರ ಮುಖ ಸಪ್ಪಗಾಯಿತು ಎಂಬುದನ್ನೆಲ್ಲ ಮಗಳಿಗೆ ನಟಿಸಿ ತೋರಿಸುತ್ತಿದ್ದಳು. ಮಗಳು ನೇತ್ರಾವತಿ ಕೈಗೆ ಸಿಕ್ಕಿದ ಸೊಪ್ಪನ್ನೋ ಅವರೆಕಾಯಿಯನ್ನೋ ಬಿಡಿಸುತ್ತಾ ನಗುತ್ತಿದ್ದಳು.

ನೇತ್ರಾಳಿಗೆ ಬಹಳ ಇಷ್ಟವಾದ ಕಥೆ ಒಂದಿತ್ತು. ಚೀಟಿಯ ನಾಲ್ಕನೇ ತಿಂಗಳಲ್ಲೇ ಒಬ್ಬ ಹೆಂಗಸು ಅರವತ್ತು ಸಾವಿರದಲ್ಲಿ ಹದಿನಾರು ಸಾವಿರ ಬಿಟ್ಟುಕೊಟ್ಟು, ನಲವತ್ನಾಲ್ಕಕ್ಕೆ ಎತ್ತಿಕೊಂಡಿದ್ದಳಂತೆ. ಕೊನೆಯವರೆಗೆ ಕಾದವರಿಗೆ ಪೂರ್ತಿ ಹಣ, ಅವಸರಪಟ್ಟವರಿಗೆ ನಷ್ಟ. ಚೀಟಿಯ ನ್ಯಾಯವೇ ಅದು.

"ನನ್ನ ಒಂದು ತಿಂಗಳ ಸಂಬಳ ಕಣಮ್ಮ ಅದು. ಅಂಥ ದಡ್ಡಿ ಯಾರು?" ಎಂದು ನೇತ್ರಾ ಪ್ರತಿ ಸಲ ಕೇಳುತ್ತಿದ್ದಳು.

"ಯಾರೋ ಬುಡು. ಅವಳಿಗೇನು ಕಷ್ಟ ಇತ್ತೋ," ಎಂದು ಶಶಿಕಲಾ ನಗುತ್ತಿದ್ದಳು.

ನೇತ್ರಾ ಎಂ.ಜಿ. ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವವಳು. ಸಂಬಳದ ಹದಿನಾರು ಸಾವಿರದಲ್ಲಿ ಆರು ಮನೆಗೆ, ಮೂರು ಚೀಟಿಗೆ. ಉಳಿದದ್ದರಲ್ಲಿ ಬಸ್ಸು, ಮೊಬೈಲು, ಅಮ್ಮನ ಬಿ.ಪಿ. ಮಾತ್ರೆ. ಕುಣಿಗಲ್‌ನಲ್ಲಿ ಕೆಲಸಕ್ಕಿದ್ದ ಅಣ್ಣನನ್ನು ಯಾರೂ ಹಣ ಕೇಳುತ್ತಿರಲಿಲ್ಲ. ದಿನವಿಡೀ ಸೀರೆಗಳ ನಡುವೆ ಕೂತಿದ್ದರೂ ಎರಡು ದೀಪಾವಳಿ ಹಳೆಯ ಚೂಡಿದಾರದಲ್ಲೇ ಕಳೆದಿದ್ದಳು. ಜೊತೆಯವರು ಸಂಜೆ ಗೋಬಿ ತಿನ್ನಲು ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಈ ಹುಡುಗಿಗೆ ವರ್ಷವಿಡೀ ಹೊಟ್ಟೆ ಕೆಟ್ಟಿರುತ್ತದೆಂದು ಅವರು ಆಡಿಕೊಂಡು ನಗುತ್ತಿದ್ದರು. ಅವಳಿಗೆ ಬಿ.ಎಡ್ ಮಾಡಬೇಕಿತ್ತು, ಅಷ್ಟೇ.

ಡಿಸೆಂಬರಿನಲ್ಲಿ ಗುಬ್ಬಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇಪ್ಪತ್ತನೇ ತಾರೀಖಿನೊಳಗೆ ನಲವತ್ತು ಸಾವಿರ ಕಟ್ಟಬೇಕು.

"ಈ ಭಾನುವಾರ ಚೀಟಿ ಎತ್ಬುಡಮ್ಮ. ಸ್ವಲ್ಪ ಬಿಟ್ರೂ ಪರವಾಗಿಲ್ಲ," ಎಂದಳು ನೇತ್ರಾ.

ಶಶಿಕಲಾ ಒಲೆಯ ಕಡೆ ತಿರುಗಿದಳು. "ಇನ್ನೆರಡೇ ಕಂತು ಕಣೇ. ಕೊನೇಲಿ ಎತ್ತಿದ್ರೆ ಪೂರ್ತಿ ಬರುತ್ತೆ. ಬಿ.ಎಡ್ ಮುಂದಿನ ವರ್ಷ ಮಾಡಿದ್ರಾಯ್ತು."

ಅಮ್ಮನಿಗೆ ಹಣ ಬಿಟ್ಟುಕೊಡಲು ಮನಸ್ಸಿಲ್ಲ, ತಾನೇ ಹೇಳಿದರಾಯಿತು ಎಂದುಕೊಂಡು ನೇತ್ರಾ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗಂಗಲಕ್ಷ್ಮಮ್ಮನ ಮನೆಗೆ ಹೋದಳು. ಆಕೆ ಬಾಗಿಲಿಗೆ ನೀರು ಹಾಕುತ್ತಿದ್ದರು.

"ನಾಳೆ ಚೀಟಿ ನಮಗೆ ಬೇಕಿತ್ತು ಆಂಟಿ."

"ಯಾವ ಚೀಟಿನಮ್ಮ? ನಿಮ್ದು ಎತ್ತಾಗಿದೆಯಲ್ಲ." ಗಂಗಲಕ್ಷ್ಮಮ್ಮ ಬಿಂದಿಗೆ ಕೆಳಗಿಟ್ಟರು. "ನಾಲ್ಕನೇ ತಿಂಗಳೇ ನಿಮ್ಮಮ್ಮ ಎತ್ಕೊಂಡ್ಲು. ಹದಿನಾರು ಸಾವಿರ ಬಿಡಬೇಡ ಕಣೇ ಅಂತ ಬಡ್ಕೊಂಡೆ. ಮಗನ ಗಾಡಿ ಅರ್ಜೆಂಟು ಅಂದ್ಲು. ನಿಂಗೆ ಗೊತ್ತಿಲ್ವಾ?"

"ಗೊತ್ತಿತ್ತು ಆಂಟಿ, ಮರ್ತಿದ್ದೆ," ಎಂದಳು ನೇತ್ರಾ. ಅಮ್ಮನ ಮಾನ ಕಾಯುವ ಸುಳ್ಳು ತಾನಾಗಿಯೇ ಬಾಯಿಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಒಂದೂಕಾಲು ವರ್ಷದಿಂದ ಅವಳು ಉಳಿತಾಯ ಎಂದುಕೊಂಡು ಕಟ್ಟುತ್ತಿದ್ದದ್ದು ಅಣ್ಣನ ಬೈಕಿನ ಸಾಲ. ಬಿಲ್ಲು ಹಾಕುತ್ತಾ ಅಂದು ಎರಡು ಸಲ ತಪ್ಪು ಮಾಡಿ ಮಾಲೀಕರಿಂದ ಬೈಸಿಕೊಂಡಳು.

ಸಂಜೆ ಮನೆಯ ಮುಂದೆ ಆ ಬೈಕು ನಿಂತಿತ್ತು. ಅಣ್ಣ ರಂಗನಾಥ್ ಕುಣಿಗಲ್‌ನ ಫೈನಾನ್ಸ್ ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿದ್ದ. ನೇತ್ರಾ ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಆ ದಡ್ಡಿ ನೀನೇನಾಮ್ಮ?"

ಶಶಿಕಲಾಳಿಗೆ ರೋಷ ಬಂತು. "ನಾನೇನು ತಿಂದ್ನಾ? ಮನೆಗೇ ಆಯ್ತು. ಇವ್ನು ದಿನಾ ಕುಣಿಗಲ್‌ಗೆ ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತಿದ್ದ. ನೀನು ನಾಳೆ ಮದ್ವೆಯಾಗಿ ಹೋಗೋಳು. ಕೊನೇಗೆ ನನ್ನ ನೋಡ್ಕೊಳ್ಳೋನು ಇವ್ನೇ ಅಲ್ವಾ?"

"ಇವನ ಸಂಬಳ ಏನಾಗುತ್ತೆ?"

"ಗಂಡು ಹುಡುಗನ್ನ ಲೆಕ್ಕ ಕೇಳೋಕಾಗುತ್ತೇನೇ?"

ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಆ ಹೆಗ್ಗಣ ತನ್ನ ಚೀಲವನ್ನೇ ಕಡಿದಿದೆಯೆಂದು ನೇತ್ರಾಳಿಗೆ ಇಷ್ಟು ದಿನ ಗೊತ್ತಿರಲಿಲ್ಲ.

"ಅಮ್ಮ ಕೊಟ್ಳು, ತಗೊಂಡೆ," ಎಂದ ರಂಗನಾಥ್, ಲೋಟದೊಳಗೆ ನೋಡುತ್ತಾ. "ಯಾರ ದುಡ್ಡು ಅಂತ ನಾನು ಕೇಳ್ಲಿಲ್ಲ."

"ಕೇಳಬಾರ್ದು ಅಂತಾನೇ ಕೇಳ್ಲಿಲ್ಲ ಬಿಡು." ನೇತ್ರಾ ಅಮ್ಮನ ಕಡೆ ತಿರುಗಿದಳು. "ನನ್ನ ಕೇಳಿದ್ರೆ ಕೊಡ್ತಿದ್ದೆ ಕಣಮ್ಮ. ಬೈಕೊಂಡಾದ್ರೂ ಕೊಡ್ತಿದ್ದೆ. ಆ ಕಥೆ ಹೇಳ್ಕೊಂಡು ನನ್ನ ಜೊತೆ ಕೂತು ನಗ್ತಿದ್ಯಲ್ಲ, ಹೆಂಗೆ ನಗು ಬರ್ತಿತ್ತು ನಿಂಗೆ?"

ಶಶಿಕಲಾ ಮಗನ ಕೈಯ ಲೋಟ ತೆಗೆದುಕೊಂಡು ಒಳಗೆ ಹೋದಳು.

ಇಪ್ಪತ್ತನೇ ತಾರೀಖು ಬಂತು, ಹೋಯಿತು. ಗುಬ್ಬಿಯ ಸೀಟು ಬೇರೆ ಯಾರಿಗೋ ಸಿಕ್ಕಿತು. ನೇತ್ರಾ ಅಳಲಿಲ್ಲ, ಅಮ್ಮನೊಡನೆ ಬೇಕಾದಷ್ಟೇ ಮಾತನಾಡಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಶಶಿಕಲಾಳಿಗೆ ಅನ್ನಿಸುತ್ತಿತ್ತು.

ಜನವರಿಯ ಮೊದಲಲ್ಲಿ ಸಂಬಳ ಬಂದ ದಿನ ನೇತ್ರಾ ಪೋಸ್ಟಾಫೀಸಿಗೆ ಹೋಗಿ ತನ್ನ ಹೆಸರಿನಲ್ಲಿ ತಿಂಗಳಿಗೆ ಮೂರು ಸಾವಿರದ ಆರ್.ಡಿ. ಮಾಡಿಸಿದಳು. ಮನೆಗೆ ಬಂದು ಅಮ್ಮನ ಕೈಗೆ ಆರು ಸಾವಿರ ಕೊಟ್ಟಳು.

"ಚೀಟಿದು ಕೊನೇ ಕಂತು?" ಶಶಿಕಲಾ ಮೆಲ್ಲಗೆ ಕೇಳಿದಳು.

"ಗಾಡಿ ಓಡಿಸೋರು ಕಟ್ಲಿ."

ಶಶಿಕಲಾ ಒಳಕೋಣೆಗೆ ಹೋಗಿ, ಆ ಮನೆಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ ಮಾಡಿದಳು. ಮಗನ ಮುಂದೆ ಕೈ ಚಾಚಿದಳು.

"ಕೊಡೋ ರಂಗ. ಇನ್ಮೇಲೆ ತಿಂಗಳಾ ತಿಂಗಳಾ ಕೊಡ್ಬೇಕು."

"ತಂಗಿಗೆ ಲೆಕ್ಕ ಕೊಟ್ಕೊಂಡು ಬದುಕೋಕಾಗುತ್ತಾ?" ಎಂದು ಅವನು ಗೊಣಗಿದ.

"ಅವಳು ಇಷ್ಟು ದಿನ ಬದುಕ್ಲಿಲ್ವಾ?" ಎಂದಳು ಶಶಿಕಲಾ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಕೊಟ್ಟ.

ಆ ಭಾನುವಾರ ಶಶಿಕಲಾ ಚೀಟಿಯಿಂದ ತಡವಾಗಿ ಬಂದಳು. ನೇತ್ರಾ ಮೊರದ ತುಂಬ ಅವರೆಕಾಯಿ ಹರಡಿಕೊಂಡಿದ್ದಳು, ತಲೆ ಎತ್ತಲಿಲ್ಲ. ಅಮ್ಮ ಕಾಲು ಚಾಚದೆ ಮಡಿಸಿಕೊಂಡು ಕೂತಳು.

"ಗಂಗಲಕ್ಷ್ಮಮ್ಮ ಹೊಸ ಚೀಟಿ ಶುರು ಮಾಡ್ತಾವ್ರೆ. ಒಂದು ಜಾಗ ಇಟ್ಟಿರಿ, ನನ್ ಮಗಳನ್ನ ಕೇಳ್ಕೊಂಡು ಬರ್ತೀನಿ ಅಂದೆ. ಕಂತು ರಂಗ ಕಟ್ತಾನೆ. ಹೆಸರು ನಿಂದು. ಮುಂದಿನ ಡಿಸೆಂಬರಿಗೆ ಎತ್ತೋ ದುಡ್ಡು ಅವಳ ಕೈಗೇ ಕೊಡಿ, ನಾನು ಬಂದು ಕೇಳಿದ್ರೂ ಕೊಡಬೇಡಿ ಅಂದೆ."

ನೇತ್ರಾ ಸುಲಿಯುತ್ತಲೇ ಇದ್ದಳು.

"ಯಾಕೆ ಹಂಗಂತೀಯ ಅಂತ ಎಲ್ಲ ಕೇಳಿದ್ರು. ಹೇಳ್ದೆ."

"ಏನಂತ?"

"ಅವತ್ತು ನಾನು ಬಿಟ್ಟ ಹದಿನಾರು ಸಾವಿರ ನನ್ನ ಮಗಳದ್ದು, ಅವಳಿಗೆ ಹೇಳದೆ ಬಿಟ್ಟೆ ಅಂತ." "ಒಬ್ರೂ ನಗಲಿಲ್ಲ ಕಣೇ."

ನೇತ್ರಾಳ ಕೈ ನಿಂತಿತು. ಮನಸ್ಸು ಇನ್ನೂ ಕರಗಿರಲಿಲ್ಲ; ಅಷ್ಟು ಬೇಗ ಕರಗುವ ಗಾಯವೂ ಅದಲ್ಲ. ಆದರೆ ಅಮ್ಮ ಮೊದಲ ಸಲ ತನ್ನನ್ನು ಕೇಳುತ್ತಿದ್ದಾಳೆಂಬುದು ಅವಳಿಗೆ ತಿಳಿಯಿತು.

"ಸೇರ್ತೀನಿ," ಎಂದಳು. "ಆದ್ರೆ ಮುಂದಿನ ಸಲದಿಂದ ಚೀಟಿಗೆ ನಾನೂ ಬರ್ತೀನಿ. ಯಾರು ಎಷ್ಟಕ್ಕೆ ಕೂಗಿದ್ರು ಅಂತ ನಾನೇ ನೋಡ್ತೀನಿ. ಮನೆಗೆ ಬಂದು ಕಥೆ ಹೇಳೋದು ಬೇಡ."

"ಬಾ," ಎಂದಳು ಶಶಿಕಲಾ.

ನೇತ್ರಾ ಮೊರವನ್ನು ಇಬ್ಬರ ನಡುವೆ ಸರಿಸಿದಳು. ತಾಯಿ ಮಗಳು ಸೇರಿ ಉಳಿದ ಕಾಯಿ ಸುಲಿದರು.