ಒಂದು ಹನಿ ತುಪ್ಪ

"ಕೈ ಮೂರು ಸಲ ತೊಳೆದಿದ್ದೀನಿ ಕಣೇ ಪುಟ್ಟಿ, ಸೋಪು ಹಾಕಿ," ಎಂದು ದೇವಕಮ್ಮ ಬೆರಳುಗಳನ್ನು ಅಗಲಿಸಿ ತೋರಿಸಿದರು. ಎಂಟು ವರ್ಷದ ಮೊಮ್ಮಗಳು ಹಂಸಾ ಬಗ್ಗಿ ಆ ಬೆರಳುಗಳನ್ನು ಮೂಸಿದಳು.

ತಟ್ಟೆಯಲ್ಲಿದ್ದದ್ದು ಮೊಸರನ್ನವಲ್ಲ, ಅದರ ಸೋಗು: ತೆಂಗಿನಕಾಯಿ ಹಾಲು, ನಿಂಬೆರಸ, ಮೇಲೆ ಇಂಗಿನ ಒಗ್ಗರಣೆ. ಲೋಧಿ ಕಾಲೋನಿಯ ಆ ಸರ್ಕಾರಿ ಮನೆಗೆ ಹಾಲು ಬರುವುದು ನಿಂತು ತಿಂಗಳಾಗಿತ್ತು. ಹಂಸಾಗೆ ಹಾಲು ಆಗದೆಂಬುದು ಎಲ್ಲರಿಗೂ ಮೊದಲಿಂದಲೇ ಗೊತ್ತಿತ್ತು. ಸೊಸೆ ಜಲಜಾ ಬಿಸ್ಕತ್ತಿನ ಪೊಟ್ಟಣವನ್ನೂ ಓದಿಯೇ ತರುವವಳು. ದೇವಕಮ್ಮನೂ ಹಾಲು, ಮೊಸರು, ಬೆಣ್ಣೆಯನ್ನು ಮಗುವಿನ ಹತ್ತಿರ ಸುಳಿಯಗೊಟ್ಟವರಲ್ಲ. ಆದರೆ ತುಪ್ಪ? ಕಾಸಿ ಕಾಸಿ ಇಳಿಸಿದ ಮೇಲೆ ಅದರಲ್ಲಿ ಹಾಲೆಲ್ಲಿ ಉಳಿಯಿತು? ಹಿಂದಿನ ತಿಂಗಳು, 2006ರ ದೀಪಾವಳಿಯಂದು, ತುಪ್ಪ ಬೀಳದೆ ಹಬ್ಬದೂಟ ಶುರುಮಾಡಬಾರದೆಂದು, ಮಗುವಿನ ಅನ್ನಕ್ಕೂ ಒಂದು ಹನಿ ಬಿಟ್ಟು, ತಾವೇ ಕಲಸಿ ತುತ್ತಿಟ್ಟರು. ಎರಡನೆಯ ತುತ್ತಿಗೆ ತುಟಿ ಊದಿತು. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ. ಹತ್ತು ನಿಮಿಷ ತಡವಾಗಿದ್ದರೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ದೇವಕಮ್ಮ ತಾವೂ ಮಜ್ಜಿಗೆ ಮುಟ್ಟುವುದಿಲ್ಲ, ಹಾಲಿಲ್ಲದ ಚಹಾ ಕುಡಿಯುತ್ತಾರೆ. ಹಂಸಾ ಮಾತ್ರ ಅಂದಿನಿಂದ ಅಜ್ಜಿಯ ಕೈತುತ್ತು ತಿಂದಿರಲಿಲ್ಲ.

"ಒಂದೇ ತುತ್ತು. ಬಾಯಿ ತೆಗಿ."

ಹಂಸಾ ತುಟಿ ಬಿಗಿಹಿಡಿದು ಅಮ್ಮನ ಕಡೆ ನೋಡಿದಳು.

"ತಿನ್ನು, ಏನೂ ಆಗಲ್ಲ. ನಾನೇ ನೋಡಿದ್ದೀನಿ," ಎಂದಳು ಜಲಜಾ, ಆಫೀಸಿನ ಡಬ್ಬಿ ಮುಚ್ಚುತ್ತ.

ಮಗು ಒಂದು ಗಳಿಗೆ ಯೋಚಿಸಿ ಅಂಗೈ ಚಾಚಿತು. "ಅಜ್ಜಿ, ಮುಝೇ ದೋ ನಾ. ನಾನೇ ತಿಂತೀನಿ, ಬಾಲ್ಕನೀ ಮೇ."

ಕೊಟ್ಟರು. ಅಷ್ಟಾದರೂ ಆಯಿತಲ್ಲ ಎಂದು ಜೀವ ಹಗುರಾಯಿತು. ನೀರು ತರಲು ಎದ್ದವರಿಗೆ ಅಡುಗೆಮನೆಯ ಕಿಟಕಿಯಿಂದ ಬಾಲ್ಕನಿ ಕಂಡಿತು. ಹಂಸಾ ತುತ್ತನ್ನು ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು ನಿಂತಿದ್ದಳು. ಎರಡು ಪಾರಿವಾಳಗಳು ಇಳಿದವು.

ಅಂಗೈಯನ್ನು ಫ್ರಾಕಿಗೆ ಚೆನ್ನಾಗಿ ಉಜ್ಜಿಕೊಂಡು ಮಗು ಒಳಗೆ ಬಂತು. "ಬಹುತ್ ಅಚ್ಛಾ ಥಾ, ಅಜ್ಜಿ."

"ಹೌದಾ ಬಂಗಾರ?" ಎಂದರು ದೇವಕಮ್ಮ.

ಕಲಸಿದ ತಟ್ಟೆಯನ್ನು ಪಕ್ಕಕ್ಕಿಟ್ಟರು. ಬೇರೆ ತಟ್ಟೆ ತಂದು, ಪಾತ್ರೆಯಿಂದ ಸೌಟಿನಲ್ಲೇ ಅನ್ನ ಬಡಿಸಿದರು. ಚಮಚವನ್ನು ಮಗು ನೋಡುವಂತೆ ನಲ್ಲಿಯ ಕೆಳಗೆ ತೊಳೆದು ಅದರಲ್ಲಿಟ್ಟರು. ಆಮೇಲೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಸ್ವಲ್ಪ ದೂರ ಸರಿದು ಕುಳಿತರು.