ಹೊಸ್ತಿಲಲ್ಲಿ ಕೂತವಳು

"ಸ್ವಲ್ಪ ಎಡಕ್ಕೆ ವಾಲಿಸಪ್ಪಾ, ಗೋಡೆಗೆ ತಾಗ್ತಿದೆ," ಎಂದು ಮೇಲಿನ ತುದಿ ಹಿಡಿದಿದ್ದ ಆಟೊ ಡ್ರೈವರ್ ಹೇಳಿದ. ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅನ್ನುವಂತಾಗಿತ್ತು. ಕೆಳಗಿದ್ದ ಬಡಗಿ ಏದುಸಿರು ಬಿಡುತ್ತ, "ಬದುಕಿದ್ದಾಗಲೇ ಅಕ್ಕ ಕೂತ ಜಾಗದಿಂದ ಎದ್ದವಳಲ್ಲ. ಈಗ ನಾವು ಹೇಳಿದ ಹಾಗೆ ಕೇಳ್ತಾಳಾ?" ಎಂದ. ಅಳುತ್ತಿದ್ದವರೂ ನಕ್ಕುಬಿಟ್ಟರು. ಅಕ್ಕನ ಮಗಳೂ ನಕ್ಕಳು. ನಕ್ಕ ಮೇಲೆ ಕಣ್ಣು ಮತ್ತೆ ತುಂಬಿ ಬಂತು.

ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳಮ್ಮನ ಕೆಲಸವಾಗಿತ್ತು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಅವಳು 'ಪಟ್ಟಿ ಅಕ್ಕ'. ನಿವೃತ್ತಳಾಗಿ ಎಷ್ಟೋ ವರ್ಷ ಕಳೆದರೂ ಹೆಸರು ಹಾಗೇ ಉಳಿದಿತ್ತು. ಆ ಬೆಳಿಗ್ಗೆ ಕಾಫಿ ತಂದ ಮಗಳು ಎಷ್ಟು ಕರೆದರೂ ಅವಳು ಎದ್ದಿರಲಿಲ್ಲ.

ಪೆಟ್ಟಿಗೆಯನ್ನು ಕೆಳಗಿನ ಮುಂದಿನ ಕೋಣೆಯಲ್ಲಿ ಇಳಿಸಿದ್ದೇ ತಡ, ಟೈಲರಮ್ಮ ಮಗಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ವೆಲ್ಡರ್ ಬಂದಿಲ್ಲ, ನೋಡಿದ್ಯಾ?"

"ತಮ್ಮನ ಹತ್ರ ಆಸ್ಪತ್ರೇಲಿ ಇರಬಹುದು."

"ಇಲ್ಲ ಕಣೇ. ಅಂಗಡೀಲಿ ಗ್ರೈಂಡರ್ ಹಾಕ್ಕೊಂಡು ಕೂತಿದ್ದಾನೆ. ಏನು ಮಸೀತಿದ್ದಾನೆ ಅಂತ ಬಗ್ಗಿ ನೋಡೋ ಧೈರ್ಯ ನಂಗಾಗ್ಲಿಲ್ಲ."

ಬೈಕು ತಾಗಿದ್ದಕ್ಕೆ ಶುರುವಾದ ಜಗಳ ಅದು. ಕೆಳಗಿನ ಬೀದಿಯ ಸೈಕಲ್ ರಿಪೇರಿಯವನ ಕಿರಿಯ ಮಗ ಮೇಲಿನ ಬೀದಿಯ ವೆಲ್ಡರನ ತಮ್ಮನ ಭುಜಕ್ಕೆ ಚಾಕು ಹಾಕಿ ಲಾಕಪ್ಪು ಸೇರಿದ್ದ. ಅವನು ಸಿಗದಿದ್ದರೇನು, ಅವನಪ್ಪ ಸಿಗುತ್ತಾನೆ ಎಂದು ವೆಲ್ಡರ್ ಹೊರಟಾಗ ಪಟ್ಟಿ ಅಕ್ಕ ಅವನ ಬಾಗಿಲಿಗೆ ಹೋಗಿ ಕೂತಿದ್ದಳು. ಎದೆ ಹಿಡಿದುಕೊಳ್ಳುತ್ತಿದೆ ಎಂದು ಯಾರಿಗೂ ಹೇಳದೆ ಮಾರನೆಯ ದಿನವೂ ಕೂತಳು. ಕೊನೆಗೆ ವೆಲ್ಡರ್, "ನೀನಿರೋವರೆಗೂ ಕೈ ಎತ್ತಲ್ಲ, ಏಳಕ್ಕಾ," ಎಂದು ಮಾತು ಕೊಟ್ಟಿದ್ದ.

"ಈಗ ಅಕ್ಕ ಇಲ್ಲ, ಮಾತೂ ಇಲ್ಲ ಅಂತಿದ್ದಾನಂತೆ," ಎಂದಳು ಟೈಲರಮ್ಮ. "ಕೆಳಗಿನ ಬೀದಿಯವರೂ ಮಣ್ಣಿಗೆ ಬರ್ತಾರಲ್ಲ."

ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅಮ್ಮನ ಈ ಕೆಲಸಕ್ಕೆ ಒಂದು ದಿನವೂ ಕೈ ಹಾಕಿದವಳಲ್ಲ. ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

*

ಅವಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಅವಳ ಸೋದರಮಾವನನ್ನು ಅಮ್ಮನ ಡ್ರೆಸ್ಸಿಂಗ್ ಟೇಬಲ್ಲಿಗೇ ಹೊತ್ತು ತಂದಿದ್ದರು. ಸಂತೆ ಬೀದಿಯ ಜಗಳ. ಪಟ್ಟಿ ಸುತ್ತುತ್ತಿರುವಾಗಲೇ ಜೀವ ಹೋಯಿತು.

ಸುದ್ದಿ ತಿಳಿದ ಅಪ್ಪ ಅಡುಗೆಮನೆಯ ಮಚ್ಚು ತೆಗೆದುಕೊಂಡು ಹೊರಡುವ ಹೊತ್ತಿಗೆ ಅಮ್ಮ ಮನೆಗೆ ಬಂದಳು. ರಕ್ತದ ಸೀರೆಯಲ್ಲೇ ಹೊಸ್ತಿಲ ಮೇಲೆ ಕೂತು, ಎದುರಿನ ಬಾಗಿಲವಾಡಕ್ಕೆ ಕಾಲು ಚಾಚಿದಳು.

"ಏಳು," ಎಂದರು ಅಪ್ಪ.

"ದಾಟ್ಕೊಂಡು ಹೋಗಿ."

"ನಿನ್ನ ತಮ್ಮ ಕಣೇ ಅವನು."

"ಹೌದು, ನನ್ನ ತಮ್ಮ. ಅವನಿಗೋಸ್ಕರ ಅಳಬೇಕು ನಾನು. ಅದನ್ನ ಬಿಟ್ಟು ನಿಮ್ಮನ್ನ ನೋಡೋಕೆ ಜೈಲಿಗೆ ಅಲೀಲಾ? ಇವತ್ತು ಹೋಗಬೇಡಿ. ನಾಳೇದು ನಾಳೆ ನೋಡೋಣ."

ಅಪ್ಪ ನಿಂತೇ ಇದ್ದರು. ಆಮೇಲೆ ಮಚ್ಚು ನೆಲಕ್ಕಿಟ್ಟು, ಅವಳ ಭುಜಕ್ಕೆ ಒರಗಿ ಕೂತು ಮಗುವಿನ ಹಾಗೆ ಅತ್ತರು. ಮಾರನೆಯ ದಿನವೂ ಅಮ್ಮ ಅದನ್ನೇ ಹೇಳಿದಳು: ನಾಳೇದು ನಾಳೆ.

ಅಲ್ಲಿಂದಾಚೆಗೆ ಚಾಕುವಿನ ಗಾಯ ಬಂದಾಗಲೆಲ್ಲ ಪಟ್ಟಿ ಕಟ್ಟುತ್ತ ಕೇಳುತ್ತಿದ್ದಳು, "ನಿಮ್ಮನೇಲಿ ತುಂಬ ಮುಂಗೋಪಿ ಯಾರಪ್ಪ?" ಡ್ಯೂಟಿ ಮುಗಿದದ್ದೇ ಆ ಮನೆಯ ಬಾಗಿಲಿಗೆ ಹೋಗಿ ಕೂರುತ್ತಿದ್ದಳು. ಬೈಸಿಕೊಂಡಳು. ಒಮ್ಮೆ ಮೈಮೇಲೆ ನೀರು ಎರಚಿಸಿಕೊಂಡಳು. "ಸೆಖೆ ಇತ್ತು, ಒಳ್ಳೇದಾಯ್ತು," ಎಂದಿದ್ದಳಂತೆ.

ಭಾನುವಾರ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಎರಡೂ ಬೀದಿಗಳಿಂದ ಕರೆದು ಕೂರಿಸಿ ಪಟ್ಟಿಬಟ್ಟೆ ಮಡಚಲು ಕೊಡುತ್ತಿದ್ದಳು. ಮಾತಾಡಲೇಬೇಕೆಂದಿರಲಿಲ್ಲ. ಟೈಲರಮ್ಮ ತಿಂಗಳುಗಟ್ಟಲೆ ಬಾಯಿ ಬಿಡದೆ ಮಡಚಿದಳು. ಒಂದು ದಿನ ಇದ್ದಕ್ಕಿದ್ದಂತೆ, "ನನ್ನ ಮಗನಿಗೆ ಸ್ನಾನ ಅಂದ್ರೆ ಆಗ್ತಿರ್ಲಿಲ್ಲ," ಎಂದಳು. ಎದುರಿಗಿದ್ದ ಕೆಳಗಿನ ಬೀದಿಯ ಹೆಂಗಸು ತಲೆ ಎತ್ತದೆ, "ನಮ್ಮವನಿಗೂ ಅಷ್ಟೇ," ಎಂದಳು. ಆ ದಿನ ಬಟ್ಟೆ ಮಡಚಿದ್ದು ಕಡಿಮೆ.

*

ವೆಲ್ಡರ್ ಗ್ರೈಂಡರ್ ನಿಲ್ಲಿಸಿದ. ಅವನ ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯ ಅಂಚು ಬೆಳ್ಳಗೆ ಹೊಳೆಯುತ್ತಿತ್ತು.

"ಟೀಚರ್, ನೀವ್ಯಾಕೆ ಬಂದ್ರಿ? ಅಲ್ಲಿ ಕೆಲಸ ಇಲ್ವಾ?"

ಮಗಳು ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕೂತಳು. ನೆಲದ ಕಬ್ಬಿಣದ ಪುಡಿ ಅಂಗೈಗೆ ಚುಚ್ಚಿತು.

"ಏನಾದ್ರೂ ಹೇಳೋದಿದ್ರೆ ಹೇಳಿ," ಎಂದ.

"ನಂಗೆ ಅಮ್ಮನ ಹಾಗೆ ಮಾತಾಡೋಕೆ ಬರಲ್ಲ."

"ಮತ್ತೆ?"

"ಕೂರೋಕೆ ಬರುತ್ತೆ."

ಅವನು ಮುಖ ತಿರುಗಿಸಿದ. ಅಷ್ಟರಲ್ಲಿ ಟೈಲರಮ್ಮ ಬಂದು ಮಂಡಿ ಹಿಡಿದುಕೊಳ್ಳುತ್ತ ಪಕ್ಕದಲ್ಲಿ ಕೂತಳು. ಆಮೇಲೆ ತರಕಾರಿ ಅಂಗಡಿಯವಳು. ಆಮೇಲೆ ಜಗಲಿಯಲ್ಲಿ ಬಟ್ಟೆ ಮಡಚಿದ ಹೆಂಗಸರು ಒಬ್ಬೊಬ್ಬರೇ ಬಂದರು. ಬಾಗಿಲು ತುಂಬಿ ಸಾಲು ಬೀದಿಗೆ ಇಳಿಯಿತು. ಯಾರೂ ಯಾರನ್ನೂ ಕರೆದಿರಲಿಲ್ಲ. ಕೊನೆಗೆ ಆಟೊ ಡ್ರೈವರೂ ಬಡಗಿಯೂ ಬಂದು ನಿಂತರು. ಮಗಳು ತಿರುಗಿ ನೋಡಿದಳು. ಅಮ್ಮ ಇಷ್ಟು ವರ್ಷ ಒಬ್ಬಳೇ ಹೋಗಿ ಕೂರುತ್ತಿದ್ದಳು ಎಂದುಕೊಂಡಿದ್ದಳು ಅವಳು. ಬೆನ್ನು ತಾನಾಗಿ ನೆಟ್ಟಗಾಯಿತು.

ವೆಲ್ಡರ್ ಎಲ್ಲರ ಮುಖ ನೋಡಿದ. "ನೀವೆಲ್ಲ ಇಲ್ಲಿ ಬಂದ್ರೆ ಅಕ್ಕನ ಹತ್ರ ಯಾರಿದ್ದಾರೆ?"

ಬಡಗಿ ತಲೆ ಕೆರೆದುಕೊಂಡ.

"ಒಬ್ಬಳನ್ನೇ ಬಿಟ್ಟು ಬಂದ್ರಾ?" ಎಂದ ವೆಲ್ಡರ್. "ಬುದ್ಧಿ ಇದೆಯಾ ನಿಮಗೆ? ಯಾರ ಮನೇಲಿ ಏನಾದ್ರೂ ಓಡಿ ಬರ್ತಿದ್ದವಳನ್ನ ಒಬ್ಬಳನ್ನೇ ಬಿಟ್ಟು..." ಕಬ್ಬಿಣದ ಪಟ್ಟಿಯನ್ನು ಮೂಲೆಗೆಸೆದು, ಟವೆಲಿನಿಂದ ಮುಖ ಒರೆಸಿಕೊಂಡು, "ದಾರಿ ಬಿಡಿ, ನಡೀರಿ," ಎಂದ.

ಮನೆಯಲ್ಲಿ ಅಕ್ಕ ಒಬ್ಬಳೇ ಇರಲಿಲ್ಲ. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳ್ಳನೆಯ ಮುದುಕನೊಬ್ಬ ಕೂತಿದ್ದ. ಕೆಳಗಿನ ಬೀದಿಯ ಸೈಕಲ್ ರಿಪೇರಿಯವನು, ಚಾಕು ಹಾಕಿದವನ ಅಪ್ಪ. ವೆಲ್ಡರನನ್ನು ಕಂಡು ಎದ್ದು ನಿಂತ. ಓಡಲಿಲ್ಲ.

"ಮುಖ ನೋಡಿ ಹೋಗೋಣ ಅಂತ ಬಂದೆ," ಎಂದ ಮುದುಕ. "ಯಾರೂ ಇರ್ಲಿಲ್ಲ. ಹಾಗೇ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ."

ವೆಲ್ಡರ್ ಪೆಟ್ಟಿಗೆಯ ಈಚೆ ಬದಿಗೆ ಬಂದು ನಿಂತ.

"ನನ್ನ ತಮ್ಮನಿಗೆ ಇನ್ನೂ ಕೈ ಎತ್ತೋಕೆ ಆಗ್ತಿಲ್ಲ," ಎಂದ ವೆಲ್ಡರ್.

"ಗೊತ್ತಪ್ಪ. ದಿನಾ ಆಸ್ಪತ್ರೆ ಗೇಟಿನವರೆಗೆ ಬರ್ತೀನಿ. ಒಳಗೆ ಬರೋಕೆ ಮುಖ ಇಲ್ಲ."

ವೆಲ್ಡರ್ ಕ್ಷಮಿಸಿದೆ ಎನ್ನಲಿಲ್ಲ, ಹೊರಗೆ ಹೋಗು ಎಂದೂ ಅನ್ನಲಿಲ್ಲ. ಬಗ್ಗಿ ಪೆಟ್ಟಿಗೆಯ ಮುಂದಿನ ಮೂಲೆ ಹಿಡಿದ. ಮುಂದಿನ ಇನ್ನೊಂದು ಮೂಲೆ ಮುದುಕನಿಗೇ ಹತ್ತಿರವಿತ್ತು. ಅವನು ಮಗಳ ಮುಖ ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಹಿಂದಿನ ಮೂಲೆಗಳಿಗೆ ಆಟೊ ಡ್ರೈವರೂ ಬಡಗಿಯೂ ಕೈ ಕೊಟ್ಟರು.

ಹೊರಗೆ ಎರಡೂ ಬೀದಿಗಳ ಜನ ತುಂಬಿದ್ದರು. ಬಸ್ಸು ನಿಂತು, ಡ್ರೈವರ್ ಇಳಿದು ಟೋಪಿ ತೆಗೆದ. ಹುಬ್ಬಿನ ಮೇಲೆ, ಕತ್ತಿನ ಮೇಲೆ ಹಳೆಯ ಹೊಲಿಗೆಯ ಗುರುತಿದ್ದ ಗಂಡಸರು ಗೋಡೆಗೆ ಸರಿದು ದಾರಿ ಮಾಡಿದರು. ಮಗಳು ತಲೆ ಎತ್ತಿ ಅವರ ನಡುವೆ ನಡೆದಳು.

ಬೀದಿಯ ತಿರುವಿನಲ್ಲಿ ಪೆಟ್ಟಿಗೆ ಒಂದು ಕಡೆಗೆ ವಾಲತೊಡಗಿತು. ವೆಲ್ಡರ್ ಎತ್ತರದ ಆಳು, ಮುದುಕನ ಭುಜ ಅವನ ಭುಜಕ್ಕಿಂತ ಗೇಣುದ್ದ ಕೆಳಗಿತ್ತು. "ಒಂದ್ನಿಮಿಷ ನಿಲ್ಲಿ," ಎಂದ ವೆಲ್ಡರ್. ಒಂದು ಕೈಯಿಂದ ಭಾರ ತಡೆದುಕೊಂಡು, ಇನ್ನೊಂದು ಕೈಯಿಂದ ತನ್ನ ಕತ್ತಿನ ಟವೆಲನ್ನು ಎಳೆದು, ಮಡಚಿ, ಮತ್ತೆ ಮಡಚಿ, ಮುದುಕನ ಭುಜದ ಮೇಲಿಟ್ಟ. ತಾನು ಮಂಡಿಯನ್ನು ಕೊಂಚ ಬಗ್ಗಿಸಿದ. ಪೆಟ್ಟಿಗೆ ಮಟ್ಟಕ್ಕೆ ಬಂತು.